ನಾಲ್ಕನೆಯ ಅಧ್ಯಾಯದ ಲೇಖಕ ಎಂ

ಕಾಫಿ ಯಂತ್ರದ ಮುಂದೆ ಸರದಿಯಲ್ಲಿ ನಿಂತಿದ್ದಾಗ ಸಿಗ್ವಾರ್ಟ್ ಥ್ರಾನೆ ಆ ಒಂದು ಮಾತು ಆಡದೆ ಇದ್ದಿದ್ದರೆ, ಗುನ್ವೋರ್ ಮೂರ್ಕ್ ತನ್ನ ಪಾಡಿಗೆ ತಾನು ನಿವೃತ್ತಿ ತೆಗೆದುಕೊಂಡು, ಹುಟ್ಟಿದ ದ್ವೀಪಕ್ಕೆ ಹೋಗಿ, ಅಪ್ಪನ ದೋಣಿಗೆ ಬಣ್ಣ ಬಳಿದುಕೊಂಡು ಇದ್ದುಬಿಡುತ್ತಿದ್ದಳು. ಆದರೆ ಆ ಮಹಾನುಭಾವ ಬಾಯಿ ತೆರೆದ.

ರಾಜಧಾನಿಯಲ್ಲಿ ಬಹಳ ವರ್ಷ ಮೆರೆದು ಈ ಕರಾವಳಿ ಊರಿನ ವಿಶ್ವವಿದ್ಯಾಲಯಕ್ಕೆ ಪ್ರೊಫೆಸರಾಗಿ ಆಗಷ್ಟೇ ಮರಳಿದ್ದ. ಕೈಯಲ್ಲಿ ಕಾಗದದ ಲೋಟ, ಕೊರಳಲ್ಲಿ ಹಳದಿ ಉಣ್ಣೆಯ ಮಫ್ಲರು, ಮುಖದಲ್ಲಿ ಎಲ್ಲರನ್ನೂ ವಿಚಾರಿಸಿಕೊಳ್ಳುವ ದೊಡ್ಡವರ ನಗು. ನೀನು ಯಾವ ವಿಭಾಗ ಎಂದು ಕೇಳಿದ. ಭಾಷಾ ಕಚೇರಿ, ನಾರ್ವೇಜಿಯನ್ ಹುದ್ದೆ ಪದವಿಗಳ ಹೆಸರಿಗೆಲ್ಲ ಇಂಗ್ಲಿಷ್ ಕೊಡುವವಳು ನಾನೇ ಎಂದಳು. ಊರು ಯಾವುದು ಎಂದ. ಸ್ಕಾರ್ವೊಯ ದ್ವೀಪ ಎಂದಳು.

"ಓ, ಸ್ಕಾರ್ವೊಯ! ಅಲ್ಲಿನ ಮೀನುಗಾರರ ಜೊತೆ ನಾನು ಕ್ಷೇತ್ರಕಾರ್ಯ ಮಾಡಿದೀನಿ, ಗೊತ್ತಾ? ಹಳೇ ಕಥೆ ಬಿಡು. ಎಂಥಾ ಮುದುಕರು ಇದ್ರು ಅಲ್ಲಿ!"

ಗುನ್ವೋರಳಿಗೆ ಚೆನ್ನಾಗಿ ಗೊತ್ತಿತ್ತು. ಈ ಮನುಷ್ಯ ಜನ್ಮದಲ್ಲಿ ಸ್ಕಾರ್ವೊಯಕ್ಕೆ ಕಾಲಿಟ್ಟವನಲ್ಲ. ದೋಣಿ ಹತ್ತಿದರೆ ವಾಂತಿ ಮಾಡಿಕೊಳ್ಳುವ ಆಸಾಮಿ. ಆ ಮುದುಕರ ಜೊತೆ ಕೂತವಳು ಅವಳು. ಅವರಲ್ಲಿ ಒಬ್ಬರು ಅವಳ ಅಜ್ಜ. ಬಲೆ ಎಲ್ಲಿ ಬಿಡಬೇಕೆಂಬುದನ್ನು ಅವರು ನೀರು ನೋಡಿ ಹೇಳುತ್ತಿರಲಿಲ್ಲ, ದಡ ನೋಡಿ ಹೇಳುತ್ತಿದ್ದರು. ಇಂಥ ಗುಡ್ಡದ ನೆತ್ತಿ ಚರ್ಚಿನ ಗೋಪುರದ ಹಿಂದಕ್ಕೆ ಸರಿದಾಗ, ಇಂಥ ಬಂಡೆ ಇಂಥ ಕೊಟ್ಟಿಗೆಯ ಸಾಲಿಗೆ ಬಂದಾಗ, ಅಲ್ಲಿ ಕಾಡ್ ಮೀನು. ಅಂಥ ಪ್ರತಿಯೊಂದು ಜಾಗಕ್ಕೂ ಒಂದೊಂದು ಹೆಸರು. ಆ ಹೆಸರುಗಳನ್ನು ಹೆಕ್ಕಿ, ಅವು ಹುಟ್ಟಿದ ರೀತಿಯನ್ನು ಬಿಡಿಸಿ, ಮೂರು ಚಳಿಗಾಲ ಕೂತು ಅವಳು ತನ್ನ ಹೋವೆದ್‌ಒಪ್ಗಾವೆ ಬರೆದಿದ್ದಳು. ಆ ಕಾಲದಲ್ಲಿ ಅದೆಂದರೆ ಸಣ್ಣ ಸಂಗತಿಯಲ್ಲ. ದಪ್ಪ ಪುಸ್ತಕದಷ್ಟು ಸಂಶೋಧನೆ, ಅದಕ್ಕೆ ಹೊರಗಿನಿಂದ ಪರೀಕ್ಷಕರು, ಅದು ಮುಗಿದರೇ ದೊಡ್ಡ ಪದವಿ. ಅವಳಿಗೆ ಮಾರ್ಗದರ್ಶಕನಾಗಿದ್ದವನು, ಈಗ ಅವಳ ಗುರುತೇ ಹತ್ತದ, ಇದೇ ಥ್ರಾನೆ.

ಅವಳು ಪದವಿ ಪಡೆದ ಮರುವರ್ಷ ಥ್ರಾನೆಯ ಹೆಸರಿನಲ್ಲಿ ಇಂಗ್ಲಿಷ್ ಲೇಖನವೊಂದು ಲಂಡನ್ನಿನ ಪತ್ರಿಕೆಯಲ್ಲಿ ಬಂತು. ಜಾಗಗಳು ಅವಳವು, ಹೆಸರುಗಳು ಅವಳವು, ವಾದವೂ ಅವಳದೇ. ಕೊನೆಯಲ್ಲಿ ಒಂದೇ ಒಂದು ಅಡಿಟಿಪ್ಪಣಿ: ಕೆಲವು ಉದಾಹರಣೆಗಳನ್ನು ವಿದ್ಯಾರ್ಥಿನಿಯೊಬ್ಬಳ ಎಕ್ಸರ್ಸೈಸ್‌ನಿಂದ ತೆಗೆದುಕೊಳ್ಳಲಾಗಿದೆ. ಹೆಸರಿಲ್ಲ. ಮೂರು ಚಳಿಗಾಲದ ದುಡಿಮೆ ಇಂಗ್ಲಿಷಿಗೆ ಹೋಗುವ ದಾರಿಯಲ್ಲಿ ಶಾಲೆಯ ಮಕ್ಕಳು ಮನೆಗೆ ಒಯ್ಯುವ ಅಭ್ಯಾಸಪಾಠವಾಗಿಬಿಟ್ಟಿತ್ತು.

ಅಷ್ಟಕ್ಕೇ ಮುಗಿದಿದ್ದರೆ ನುಂಗಿಕೊಳ್ಳುತ್ತಿದ್ದಳೇನೋ. ಆಮೇಲೆ ಅವಳು ಸಂಶೋಧಕಿಯ ಹುದ್ದೆಗೆ ಅರ್ಜಿ ಹಾಕಿದಳು. ಆಯ್ಕೆ ಸಮಿತಿಯಲ್ಲಿ ಒಬ್ಬ ಇಂಗ್ಲೆಂಡಿನವನಿದ್ದ. ಅವನಿಗೆ ಥ್ರಾನೆಯ ಲೇಖನ ಬಾಯಿಪಾಠ. ಯಾವುದು ಮೊದಲು ಬಂದದ್ದೆಂದು ನೋಡದೆಯೇ ಅವನು, ಈ ಅಭ್ಯರ್ಥಿ ತನ್ನ ಗುರುವಿನ ಲೇಖನವನ್ನೇ ವಿಸ್ತರಿಸಿ ಬರೆದಿದ್ದಾಳೆ, ಸ್ವಂತದ್ದು ಏನೂ ಇಲ್ಲ ಎಂದು ತೀರ್ಪು ಬರೆದ. ತನ್ನ ಅಜ್ಜನ ಮಾತನ್ನು ತಾನೇ ಕದ್ದವಳೆಂಬ ಹೆಸರು ಅವಳಿಗೆ ಅಂಟಿತು. ಥ್ರಾನೆ ಅಷ್ಟರಲ್ಲಿ ರಾಜಧಾನಿಗೆ ಹಾರಿದ್ದ. ವಿಭಾಗದ ಮುಖ್ಯಸ್ಥ, ನಮ್ಮ ಪದವಿಗಳು ಹೊರಗಿನವರಿಗೆ ಎಲ್ಲಿ ಅರ್ಥವಾಗುತ್ತವೆ, ಪಾಪ ಥ್ರಾನೆ ತನಗೆ ತೋಚಿದ ಪದ ಹಾಕಿದ್ದಾನೆ, ಬಿಟ್ಟುಬಿಡು ಎಂದ.

ಅವಳು ಬಿಟ್ಟಂತೆ ಮಾಡಿದಳು. ಮದುವೆಯಾದಳು, ನೆಸ್ ಎಂಬ ಮನೆತನದ ಹೆಸರು ಹೋಗಿ ಮೂರ್ಕ್ ಬಂತು. ಭಾಷಾ ಕಚೇರಿಯಲ್ಲಿ ಕೂತು, ಇಲ್ಲಿನ ಯಾವ ಪದವಿ ಇಂಗ್ಲಿಷಿನಲ್ಲಿ ಯಾವುದಕ್ಕೆ ಸಮ ಎಂದು ತೂಗಿ ತೂಗಿ ಕೊಡುವುದೇ ಬದುಕಾಯಿತು. ಯಾರನ್ನೂ ಅರ್ಧ ಮೆಟ್ಟಿಲು ಮೇಲೆ ಹತ್ತಿಸಲಿಲ್ಲ, ಯಾರನ್ನೂ ಅರ್ಧ ಮೆಟ್ಟಿಲು ಕೆಳಗೆ ಇಳಿಸಲಿಲ್ಲ. ಇಂಗ್ಲಿಷಿನಲ್ಲಿ ಸ್ವಲ್ಪ ದೊಡ್ಡದಾಗಿ ಕಾಣಿಸುವ ಹಾಗೆ ಮಾಡು ಎಂದು ಹಲ್ಲು ಗಿಂಜುತ್ತ ಬರುವವರಿಗೆ ಬರಗಾಲವಿರಲಿಲ್ಲ. ಮರಳಿ ಬಂದ ವಾರದಲ್ಲೇ ಥ್ರಾನೆಯೂ ಇಂಗ್ಲಿಷಿನಲ್ಲಿ ತನ್ನ ಪ್ರೊಫೆಸರ್ ಹುದ್ದೆಯ ಮುಂದೆ 'ಡಿಸ್ಟಿಂಗ್ವಿಷ್ಡ್' ಎಂದು ಸೇರಿಸಲಾದೀತೇ ಎಂದು ಇಮೇಲ್ ಹಾಕಿದ್ದ. ಆಗದು ಎಂದು ಒಂದು ಸಾಲಿನ ಉತ್ತರ ಹೋಗಿತ್ತು. ಉತ್ತರ ಕೊಟ್ಟವಳು ಯಾರೆಂದು ಅವನು ನೋಡಲೂ ಇಲ್ಲ.

ಈಗ ಕಾಫಿಯ ಸಾಲಿನಲ್ಲಿ, ಆ ಮುದುಕರು ತನ್ನವರು ಎಂಬಂತೆ ನಕ್ಕ. ಗುನ್ವೋರ್ ಮೂರ್ಕ್ ಆ ನಗುವನ್ನು ಕಣ್ತುಂಬ ನೋಡಿದಳು, ಲೋಟ ಹಿಡಿದು ಕೋಣೆಗೆ ಬಂದಳು, ಬಾಗಿಲು ಹಾಕಿಕೊಂಡಳು. ಅವಳಿಗೆ ಬೇಕಾದದ್ದು ಸೇಡು. ಅದಕ್ಕೆ ನ್ಯಾಯ, ಸತ್ಯ ಎಂದೆಲ್ಲ ಹೆಸರಿಡಲು ಅವಳಿಗೆ ಮನಸ್ಸಿರಲಿಲ್ಲ. ಪದಗಳನ್ನು ತೂಗುವುದೇ ಕಸುಬಾದವಳಿಗೆ ಸೇಡಿನ ತೂಕ ಚೆನ್ನಾಗಿ ಗೊತ್ತಿತ್ತು.

ನಾರ್ವೆಯಲ್ಲಿ ಯಾರ ಅಪ್ಪಣೆಯೂ ಬೇಕಿಲ್ಲದ ಡಾಕ್ಟರೇಟ್ ಒಂದಿದೆ. ಮಾರ್ಗದರ್ಶಕ ಬೇಡ, ಪ್ರವೇಶ ಬೇಡ. ಪದವಿ ಇದ್ದವನು ಮನೆಯಲ್ಲಿ ಕೂತು ಪ್ರಬಂಧ ಬರೆದು ತಂದು ಮೇಜಿನ ಮೇಲಿಟ್ಟರೆ ವಿಶ್ವವಿದ್ಯಾಲಯ ಅದನ್ನು ಪರೀಕ್ಷಿಸಲೇಬೇಕು. ಗುನ್ವೋರ್ ಹಾಗೆ ಬರೆದಳು. ಶನಿವಾರ ಭಾನುವಾರಗಳು ಹೋದವು, ಈಸ್ಟರಿನ ಸ್ಕೀಯಿಂಗ್ ಹೋಯಿತು, ಗಂಡನಂತೂ ಮೊದಲೇ ಹೋಗಿದ್ದ. ವಿಷಯ ಅವಳ ಅಂಗೈ ನೆಲ್ಲಿಕಾಯಿ: ನಮ್ಮ ಪದವಿಗಳು ಇಂಗ್ಲಿಷಿಗೆ ಹೋದ ಬಗೆ, ಆ ದಾರಿಯಲ್ಲಿ ಮೇಲೆದ್ದವರು ಯಾರು, ಬಿದ್ದವರು ಯಾರು. ನಾಲ್ಕನೆಯ ಅಧ್ಯಾಯದಲ್ಲಿ ಒಂದು ಪ್ರಕರಣ ಇತ್ತು. ಲೇಖಕ ಎಂ ಎಂಬುವವನು ಒಬ್ಬ ಶಿಷ್ಯೆಯ ಹೋವೆದ್‌ಒಪ್ಗಾವೆಯನ್ನು ಇಂಗ್ಲಿಷಿನಲ್ಲಿ ಎಕ್ಸರ್ಸೈಸ್ ಎಂದು ಕರೆದು, ಹಾಗೆ ಕರೆದಿದ್ದರಿಂದಲೇ ಅದನ್ನು ತನ್ನದಾಗಿಸಿಕೊಂಡದ್ದು. ಲೇಖನದ ಹೆಸರನ್ನೂ ಪತ್ರಿಕೆಯ ಹೆಸರನ್ನೂ ಮುಚ್ಚಿದ್ದಳು.

ಕರಡು ಓದಿದ ತೂರೂನ್ ಅದನ್ನೇ ಮೊದಲು ಹಿಡಿದಳು. ತೂರೂನ್ ಅವಳ ಪಕ್ಕದ ಮೇಜಿನವಳು, ಬಾಯಿ ಜೋರು, ಮನಸ್ಸು ಬೆಣ್ಣೆ. ಅಚ್ಚಾದ ಲೇಖನಕ್ಕೆ ಯಾರಾದರೂ ಹೆಸರು ಮುಚ್ಚುತ್ತಾರೆಯೇ, ಪರೀಕ್ಷಕರು ಇದನ್ನೇ ಹಿಡಿದು ಜಾಡಿಸುತ್ತಾರೆ ಎಂದಳು. ಜಾಡಿಸಲಿ ಎಂದಳು ಗುನ್ವೋರ್. ತೂರೂನ್ ಕಣ್ಣು ಕಿರಿದು ಮಾಡಿ ಅವಳನ್ನು ನೋಡಿ, ಕಂದು ಚೀಸು ಹಾಕಿದ ರೊಟ್ಟಿಯನ್ನು ಕಚ್ಚಿದಳು.

ಪರೀಕ್ಷಕರ ಸಮಿತಿ ರಚನೆಯಾಯಿತು. ಮೊದಲ ಎದುರಾಳಿ, ಅಂದರೆ ಸಭೆಯೆದುರು ಅಭ್ಯರ್ಥಿಗೆ ಪ್ರಶ್ನೆ ಹಾಕುವ ಪರೀಕ್ಷಕಿ, ಸ್ವೀಡನ್ನಿನ ಪ್ರೊಫೆಸರ್ ಯುಲ್ವಾ ಸ್ಟೆನ್‌ಬೆಕ್. ಎರಡನೆಯವನು ಸ್ಕಾಟ್ಲೆಂಡಿನವನು. ಮೂರನೆಯ ಸದಸ್ಯ ಸ್ಥಳೀಯನೇ ಇರಬೇಕು, ಕಾಗದಪತ್ರ ಓಡಾಡಿಸಲಿಕ್ಕೆ. ವಿಭಾಗದಲ್ಲಿ ಅರ್ಧ ಜನ ರಜೆಯಲ್ಲಿದ್ದರು, ಉಳಿದವರು ನುಣುಚಿಕೊಂಡರು. ಕೊನೆಗೆ ಥ್ರಾನೆಯ ಹೆಸರು ಬಂತು. ಹೀಗಾದೀತೆಂದು ಗುನ್ವೋರ್ ಕನಸಲ್ಲೂ ಎಣಿಸಿರಲಿಲ್ಲ. ಅವನು ಸಭಿಕರ ಸಾಲಿನಲ್ಲಿ ಕೂತು ಕೇಳಿಸಿಕೊಂಡರೆ ಸಾಕು ಎಂದುಕೊಂಡಿದ್ದವಳಿಗೆ ದೇವರು ಅವನನ್ನು ವೇದಿಕೆಯ ಮೇಲೆ ಕೂರಿಸಿಕೊಟ್ಟಿದ್ದ.

ಸಮಿತಿಯ ಬಗ್ಗೆ ಆಕ್ಷೇಪವಿದ್ದರೆ ಒಂದು ವಾರದೊಳಗೆ ಹೇಳಿ ಎಂದು ಅಭ್ಯರ್ಥಿಗೆ ಬರೆಯುವುದು ಪದ್ಧತಿ. ಪ್ರಬಂಧಕ್ಕೆ ಸಂಬಂಧಪಟ್ಟವನು, ಹಳೆಯ ಗುರು, ಹಳೆಯ ಜಗಳದವನು, ಇಂಥವರು ಯಾರೂ ಪರೀಕ್ಷಕರಾಗುವಂತಿಲ್ಲ. ಈ ದೇಶದಲ್ಲಿ ಜನ ಕಳ್ಳತನವನ್ನಾದರೂ ಕ್ಷಮಿಸಿಯಾರು, ಸಂಬಂಧ ಮುಚ್ಚಿಟ್ಟು ಪರೀಕ್ಷಕನಾಗಿ ಕೂರುವುದನ್ನು ಕ್ಷಮಿಸುವುದಿಲ್ಲ.

"ಆಕ್ಷೇಪ ಬರೀ ಮಾರಾಯ್ತಿ," ಎಂದಳು ತೂರೂನ್. ಅವಳಿಗೆ ಈಗ ಎಲ್ಲವೂ ಅರ್ಥವಾಗಿತ್ತು. "ಸುಮ್ನಿದ್ದು ಆಮೇಲೆ ಗೊತ್ತಾದ್ರೆ ಇಡೀ ಪರೀಕ್ಷೆನೇ ರದ್ದು. ನೀನೂ ಬಚ್ಚಿಟ್ಟೆ ಅಂತಾರೆ. ಡಾಕ್ಟರೇಟ್ ಕೈಗೆ ಬಂದದ್ದು ಬಾಯಿಗಿಲ್ಲ."

"ಅವನೂ ಹೇಳ್ಬೇಕಲ್ಲ, ನಾನು ಇದ್ರಲ್ಲಿ ಇದೀನಿ ಅಂತ. ಓದಿದ್ರೆ ಹೇಳ್ತಾನೆ."

"ಓದದೇ ಇದ್ರೆ?"

ಗುನ್ವೋರ್ ಆಕ್ಷೇಪ ಬರೆಯಲಿಲ್ಲ. ವಾರ ಕಳೆಯಿತು.

ಅವನು ಓದಲಿಲ್ಲ. ಓದುವವರು ಹೊರಗಿನ ಇಬ್ಬರು, ಮೂರನೆಯವನು ಹೋಟೆಲು ಕಾಯ್ದಿರಿಸಿ, ವರದಿಯ ಕರಡು ತರಿಸಿಕೊಂಡು, ಕೆಳಗೆ ಸಹಿ ಹಾಕುತ್ತಾನೆ. ಎಲ್ಲರೂ ಹಾಗೆಯೇ ಮಾಡುತ್ತಾರೆ, ಇವನೂ ಮಾಡಿದ. ವರದಿ ಬಂತು. ಪ್ರಬಂಧ ಯೋಗ್ಯವಾಗಿದೆ, ಸಾರ್ವಜನಿಕ ವಾದಕ್ಕೆ ಬರಬಹುದು. ಒಂದೇ ಕೊರತೆ: ನಾಲ್ಕನೆಯ ಅಧ್ಯಾಯದಲ್ಲಿ ಲೇಖಕ ಎಂ ಎಂಬುವವನ ಹೆಸರು ಮುಚ್ಚಿದ್ದು ಸರಿಯಲ್ಲ, ಅಚ್ಚಾದ ಬರಹಕ್ಕೆ ಅನಾಮಧೇಯತೆಯ ಹಕ್ಕು ಇರುವುದಿಲ್ಲ, ಇದನ್ನು ವಾದದ ದಿನ ಕೇಳಲಾಗುವುದು. ಸಮಿತಿ ಈ ವಿಷಯದಲ್ಲಿ ಒಮ್ಮತದಿಂದಿದೆ. ಕೆಳಗೆ ಮೂರು ಸಹಿ. ಮೂರನೆಯದು ದೊಡ್ಡದು, ಬಾಲ ಬಿಟ್ಟುಕೊಂಡು ಹರಿದಾಡುವಂಥದ್ದು, ಸಿಗ್ವಾರ್ಟ್ ಥ್ರಾನೆಯದು.

ವಾದದ ದಿನ ಹಳೆಯ ಸಭಾಂಗಣ ತುಂಬಿತ್ತು. ಭಾಷಾ ಕಚೇರಿಯವರು, ವಿಭಾಗದವರು, ಸ್ಕಾರ್ವೊಯದಿಂದ ಫೆರಿ ಹತ್ತಿ ಬಂದ ನೆಂಟರು. ಅವಳ ಚಿಕ್ಕಪ್ಪ ಕೋಟು ಬಿಚ್ಚದೆ ಕೂತಿದ್ದ. ಡೀನ್ ಕಪ್ಪು ನಿಲುವಂಗಿಯಲ್ಲಿ ಮುಂದೆ ನಡೆದ, ಹಿಂದೆ ಗುನ್ವೋರ್, ಅವಳ ಹಿಂದೆ ಸಮಿತಿ. ಎಲ್ಲರೂ ಎದ್ದು ನಿಂತರು. ತೂರೂನ್ ಬೆಳಿಗ್ಗೆ ಅವಳ ಕೈ ಹಿಡಿದು, ದಮ್ಮಯ್ಯ, ಬದುಕಿರುವವರ ಮರ್ಯಾದೆಗಾಗಿ ಹೆಸರು ಮುಚ್ಚಿದೆ ಅಂತ ಹೇಳಿಬಿಡು, ಸಂಜೆಗೆ ಡಾಕ್ಟರ್ ಆಗಿಬಿಡು, ಆಮೇಲೆ ಬೇಕಾದರೆ ಅವನ ಮುಖಕ್ಕೆ ಉಗಿ ಎಂದಿದ್ದಳು. ಆ ಮಾತು ಗುನ್ವೋರಳ ತಲೆಯಲ್ಲಿ ಕೂತೇ ಇತ್ತು. ಆ ಪದವಿ ಅವಳಿಗೆ ಬೇಡವಾಗಿತ್ತೆಂದು ಯಾರೂ ತಿಳಿಯಬಾರದು. ಕದ್ದವಳೆಂಬ ಹೆಸರನ್ನು ತೊಳೆಯಲು ಅದೊಂದೇ ನೀರು ಎಂದು ಅವಳು ನಂಬಿದ್ದಳು, ಅದಕ್ಕಾಗಿ ಅವಳ ಜೀವ ಬಡಿದುಕೊಳ್ಳುತ್ತಿತ್ತು.

ಸ್ಟೆನ್‌ಬೆಕ್ ತೆಳ್ಳಗಿನ, ನೇರ ಬೆನ್ನಿನ ಹೆಂಗಸು. ಪ್ರಬಂಧವನ್ನು ಮೆಚ್ಚಿ ಮಾತಾಡಿದಳು, ಅಲ್ಲಲ್ಲಿ ಚುಚ್ಚಿದಳು, ಗುನ್ವೋರ್ ತಡವರಿಸದೆ ಉತ್ತರಿಸಿದಳು. ಥ್ರಾನೆ ಪಕ್ಕದ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ, ಎಲ್ಲವೂ ತನಗೆ ಗೊತ್ತಿದ್ದದ್ದೇ ಎಂಬಂತೆ ತಲೆಯಾಡಿಸುತ್ತಿದ್ದ. ಆಮೇಲೆ ಸ್ಟೆನ್‌ಬೆಕ್ ನಾಲ್ಕನೆಯ ಅಧ್ಯಾಯ ತೆಗೆದು, ಸಭಿಕರಿಗೆ ತಿಳಿಯಲೆಂದು ಆ ಪ್ರಕರಣವನ್ನು ಗಟ್ಟಿಯಾಗಿ ಓದಿದಳು. ಮೀನುಗಾರರು, ದಡದ ಗುರುತುಗಳು, ಶಿಷ್ಯೆ, ಅಡಿಟಿಪ್ಪಣಿ, ಎಕ್ಸರ್ಸೈಸ್.

ಥ್ರಾನೆಯ ತಲೆಯಾಟ ನಿಂತಿತು. ಕಾಲ ಮೇಲಿದ್ದ ಕಾಲು ಕೆಳಗಿಳಿಯಿತು. ಮೊದಲ ಬಾರಿಗೆ ಅವನು ಗುನ್ವೋರಳನ್ನು ನೋಡಿದ. ಮುಖದಿಂದ ಮೂವತ್ತು ವರ್ಷ ಕಳೆದು ನೋಡಿದ, ಗುರುತು ಹಿಡಿದ. ಅವನ ಮುಖದಿಂದ ರಕ್ತ ಇಳಿದುಹೋಗುವುದನ್ನು ಅವಳು ನಿಂತಲ್ಲಿಂದಲೇ ಕಂಡಳು. ಅವಳಿಗೆ ಹೊಟ್ಟೆ ತಣ್ಣಗಾಯಿತು. ಸುಳ್ಳೇಕೆ ಹೇಳಬೇಕು, ಬಲು ಹಿತವಾಯಿತು.

ಸಮಯವಾಗುತ್ತಾ ಬಂತು, ಈಗ ವಿರಾಮ ಕೊಡಬಹುದಲ್ಲ ಎಂದು ಥ್ರಾನೆ ಡೀನ್ ಕಡೆ ಬಾಗಿದ. ಡೀನ್ ಗಡಿಯಾರ ನೋಡಿ, ಇನ್ನೂ ಸಮಯವಿದೆ ಎಂದ.

"ನನ್ನ ಪ್ರಶ್ನೆ ಇಷ್ಟೇ," ಎಂದಳು ಸ್ಟೆನ್‌ಬೆಕ್. "ಇದು ಅಚ್ಚಾದ ಲೇಖನ. ಹೆಸರು ಯಾಕೆ ಮುಚ್ಚಿದ್ರಿ? ಅವರು ಬದುಕಿದ್ದಾರೆ ಅನ್ನೋ ಸಂಕೋಚಾನಾ? ಹಾಗಿದ್ರೆ ಹಾಗಂತ ಹೇಳಿ, ನಾನು ಮುಂದಕ್ಕೆ ಹೋಗ್ತೀನಿ."

ಬಾಗಿಲು ತೆರೆದೇ ಇತ್ತು. ಹೌದು ಎಂದು ಒಂದೇ ಒಂದು ಮಾತು ಹೇಳಿದ್ದರೆ ಸಂಜೆಗೆ ಡಾಕ್ಟರ್. ಥ್ರಾನೆ ಅವಳ ಕಡೆಗೇ ನೋಡುತ್ತಿದ್ದ. ಆ ಕಣ್ಣುಗಳಲ್ಲಿ ಬೇಡಿಕೆಯಿತ್ತು, ಅದರ ಹಿಂದೆ ಒಂದು ಲೆಕ್ಕಾಚಾರವೂ ಇತ್ತು: ನೀನು ಸುಮ್ಮನಿದ್ದರೆ ನಿನಗೂ ಲಾಭ. ಆ ಲೆಕ್ಕಾಚಾರ ಕಂಡದ್ದೇ ಅವಳ ಮೈಯೆಲ್ಲ ಉರಿದುಹೋಯಿತು. ತೂರೂನ್ ಮುಖ ಮುಚ್ಚಿಕೊಂಡಳು.

"ಸಂಕೋಚ ಏನಿಲ್ಲ. ನೀವು ಕೇಳ್ಲಿ ಅಂತಲೇ ಮುಚ್ಚಿದ್ದು," ಎಂದಳು ಗುನ್ವೋರ್. "ಲೇಖಕ ಎಂ ನಿಮ್ಮ ಪಕ್ಕದಲ್ಲಿ ಕೂತಿದ್ದಾರೆ. ಶಿಷ್ಯೆ ನಾನು. ಆಗ ನನ್ನ ಹೆಸರು ಗುನ್ವೋರ್ ನೆಸ್."

ಸಭಾಂಗಣದಲ್ಲಿ ಯಾರೋ ಪುಸ್ತಕ ಬೀಳಿಸಿದರು. ಸ್ಟೆನ್‌ಬೆಕ್ ನಿಧಾನವಾಗಿ ತಿರುಗಿ ಪಕ್ಕದ ಕುರ್ಚಿಯನ್ನು ನೋಡಿದಳು. ಥ್ರಾನೆ ಎದ್ದು ನಿಂತು, ಇದು ಬಹಳ ಹಳೆಯ ಮಾತು, ಆ ಕಾಲದಲ್ಲಿ ಹೋವೆದ್‌ಒಪ್ಗಾವೆಗೆ ಇಂಗ್ಲಿಷಿನಲ್ಲಿ ಸರಿಯಾದ ಪದವೇ ಇರಲಿಲ್ಲ, ನಾವೆಲ್ಲ ಕತ್ತಲಲ್ಲಿ ತಡಕಾಡುತ್ತಿದ್ದೆವು ಎಂದು ಶುರುಮಾಡಿದ. ದನಿ ಚೆನ್ನಾಗಿಯೇ ಇತ್ತು. ಇಬ್ಬರು ಮೂವರು ಪ್ರೊಫೆಸರುಗಳು, ಹೌದಪ್ಪ, ಹಾಗೆಯೇ ಇತ್ತು ಎಂಬಂತೆ ಗದ್ದ ಆಡಿಸಿದರು ಕೂಡ.

"ಅದೇ ಲೇಖನದ ಕೊನೇ ಪುಟದ ಗ್ರಂಥಪಟ್ಟಿಯಲ್ಲಿ ನಿನ್ನ ಹೋವೆದ್‌ಒಪ್ಗಾವೆನೂ ಇದೆ ಸಿಗ್ವಾರ್ಟ್," ಎಂದಳು ಗುನ್ವೋರ್. "ಅದಕ್ಕೆ ಥೀಸಿಸ್ ಅಂತ ಹಾಕಿದೀಯ. ನಿಂದು ಥೀಸಿಸ್, ನಂದು ಎಕ್ಸರ್ಸೈಸ್. ಪದ ಸಿಕ್ಕಿತ್ತಲ್ಲ ನಿಂಗೆ?"

ಗದ್ದಗಳು ನಿಂತವು. ಸ್ಕಾರ್ವೊಯದ ಚಿಕ್ಕಪ್ಪ ಮುಂದಿನ ಸಾಲಿನವರಿಗೆಲ್ಲ ಕೇಳುವ ಹಾಗೆ, ಇವನನ್ನು ನಮ್ಮ ದ್ವೀಪದಲ್ಲಿ ಯಾರೂ ಕಂಡದ್ದಿಲ್ಲ ಎಂದ. ಥ್ರಾನೆ ಕೂತ. ಮತ್ತೆ ಎದ್ದ. ಆಮೇಲೆ ತನ್ನ ಹಳದಿ ಮಫ್ಲರನ್ನು ಕುರ್ಚಿಯಲ್ಲೇ ಬಿಟ್ಟು ಪಕ್ಕದ ಬಾಗಿಲಿನಿಂದ ಹೊರಗೆ ಹೋದ.

ಡೀನ್ ಸಭೆಯನ್ನು ನಿಲ್ಲಿಸಿದ. ನಿಲ್ಲಿಸದೆ ಅವನಿಗೆ ಬೇರೆ ದಾರಿಯಿರಲಿಲ್ಲ. ಸಮಿತಿ ಅಸಿಂಧು, ವಾದ ಅಸಿಂಧು, ಪ್ರಬಂಧ ಮತ್ತೆ ಹೊಸ ಸಮಿತಿಗೆ ಹೋಗಬೇಕು. ಅಭ್ಯರ್ಥಿ ವಿಷಯವನ್ನು ಬಚ್ಚಿಟ್ಟದ್ದರ ಬಗ್ಗೆಯೂ ವಿಚಾರಣೆಯಾಗುತ್ತದೆ, ಹೊಸ ಸಮಿತಿ ಸಿಗುವುದೋ ಇಲ್ಲವೋ ಅದರ ಮೇಲೆ ನಿಂತಿದೆ ಎಂದು ಅವಳನ್ನು ಪಕ್ಕಕ್ಕೆ ಕರೆದು, ಬೇಸರದಿಂದಲೇ ಹೇಳಿದ. ಅವಳು ತಲೆಯಾಡಿಸಿದಳು. ಅಷ್ಟು ಹೊತ್ತಿನ ಸುಖದ ಅಡಿಯಲ್ಲಿ, ಕೈ ಬಿಟ್ಟುಹೋದದ್ದರ ನೋವು ಆಗ ತಾನೇ ಕಚ್ಚತೊಡಗಿತ್ತು.

ಡಾಕ್ಟರಾದವರು ಆ ಸಂಜೆ ಎದುರಾಳಿಗಳಿಗೂ ನೆಂಟರಿಗೂ ಊಟ ಹಾಕುವುದು ವಾಡಿಕೆ. ಗುನ್ವೋರ್ ಡಾಕ್ಟರಾಗಲಿಲ್ಲ, ಆದರೆ ಕುರಿಮಾಂಸ ಎಲೆಕೋಸಿನ ಜೊತೆ ಬೆಳಗಿನಿಂದ ಬೇಯುತ್ತಿತ್ತು. ಬಂದವರೆಲ್ಲ ಬಂದರು. ಸ್ಟೆನ್‌ಬೆಕ್ ಕೂಡ ಬಂದು, ಪ್ರಬಂಧದ ಬಗ್ಗೆ ಒಂದು ಮಾತೂ ಆಡದೆ ಎರಡು ಸಲ ಬಡಿಸಿಕೊಂಡಳು. ತೂರೂನ್ ಎದ್ದು ನಿಂತು, ಇವತ್ತು ಡಾಕ್ಟರಾಗದೆ ಉಳಿದ ನನ್ನ ಗೆಳತಿಗೆ, ಇಷ್ಟು ಹಟಮಾರಿ ಹೆಂಗಸನ್ನು ನಾನು ಕಂಡಿಲ್ಲ ಎಂದು ಲೋಟ ಎತ್ತಿ ಅತ್ತುಬಿಟ್ಟಳು.

ವಿಶ್ವವಿದ್ಯಾಲಯದ ವಿಚಾರಣೆ ಚಳಿಗಾಲವಿಡೀ ನಡೆಯಿತು. ಗುನ್ವೋರಳಿಗೆ ಲಿಖಿತ ಛೀಮಾರಿ ಬಂತು, ಆದರೆ ಪ್ರಬಂಧ ಹೊಸ ಸಮಿತಿಗೆ ಹೋಗಬಹುದೆಂಬ ಮಾತೂ ಜೊತೆಗೆ ಬಂತು. ಥ್ರಾನೆ ಮಾಡಿದ್ದು ಸಂಶೋಧನಾ ದುರ್ನಡತೆ ಎಂಬ ವರದಿ ಮಾರ್ಚಿನಲ್ಲಿ ಮುಗಿಯಿತು. ಅದನ್ನು ಲಂಡನ್ನಿನ ಆ ಪತ್ರಿಕೆಗೂ, ಬೇಸಿಗೆಯಲ್ಲಿ ಅವನಿಗೆ ಗೌರವ ಡಾಕ್ಟರೇಟ್ ಕೊಡಬೇಕೆಂದಿದ್ದ ಹೊರದೇಶದ ವಿಶ್ವವಿದ್ಯಾಲಯಕ್ಕೂ ಕಳಿಸಬೇಕು. ಇಂಗ್ಲಿಷ್ ಆಗಬೇಕು. ಇಂಗ್ಲಿಷ್ ಮಾಡುವುದು ಭಾಷಾ ಕಚೇರಿ. ತೂರೂನ್ ತಾನು ಮಾಡುತ್ತೇನೆಂದು ತೆಗೆದುಕೊಂಡಳು. ಆದರೆ ಯಾವ ಪದಕ್ಕೆ ಯಾವ ಪದ ಎಂಬ ಕೊನೆಯ ಮಾತು ಎಂದಿನಂತೆ ಗುನ್ವೋರಳದೇ.

ಮರುದಿನ ಮಧ್ಯಾಹ್ನ ಥ್ರಾನೆಯೇ ಬಂದ. ದಾಲ್ಚಿನ್ನಿ ಬನ್ನಿನ ಪೊಟ್ಟಣ ಹಿಡಿದುಕೊಂಡು ಬಾಗಿಲಲ್ಲಿ ನಿಂತ. ಇಳಿದುಹೋಗಿದ್ದ. ಕ್ಷಮೆ ಕೇಳಲು ಬಂದೆ ಎಂದ, ಅದನ್ನು ಕೇಳಿದ ಹಾಗೂ ಮಾಡಿದ. ಆಮೇಲೆ ಬಂದ ಕೆಲಸಕ್ಕೆ ಬಂದ. ವರದಿಯಲ್ಲಿ ಬಳಸಿದ ದುರ್ನಡತೆ ಎಂಬ ಆ ದೊಡ್ಡ ಪದವನ್ನು ಇಂಗ್ಲಿಷಿನಲ್ಲಿ ಸ್ವಲ್ಪ ಮೆತ್ತಗೆ, ಲೋಪ ಎಂದೋ, ಅಜಾಗರೂಕತೆ ಎಂದೋ ಹಾಕಲಾದೀತೇ? ಹೊರಗಿನವರಿಗೆ ಸೂಕ್ಷ್ಮ ಎಲ್ಲಿ ತಿಳಿಯುತ್ತದೆ?

ಆಗದು ಎಂದಳು ಗುನ್ವೋರ್. ಆ ಪದಕ್ಕೆ ಇಂಗ್ಲಿಷಿನಲ್ಲಿ ಮಿಸ್‌ಕಂಡಕ್ಟ್ ಎಂದು ಹಿಂದೆಯೇ ನಿಗದಿಯಾಗಿದೆ, ಅರ್ಧ ಮೆಟ್ಟಿಲು ಮೇಲೂ ಇಲ್ಲ, ಕೆಳಗೂ ಇಲ್ಲ.

ಅವನು ಪೊಟ್ಟಣವನ್ನು ಮೇಜಿನ ಮೇಲಿಟ್ಟ. ತೂರೂನ್ ಪೊಟ್ಟಣವನ್ನೇ ನೋಡುತ್ತಿದ್ದಳು.

"ಹೋಗ್ಲಿ," ಎಂದ ಕೊನೆಗೆ, ಬಹಳ ಮೆಲ್ಲಗೆ. "ಹೆಸರಾದ್ರೂ ಮುಚ್ಚು ಗುನ್ವೋರ್. ನೀನೇ ಹಾಕಿದ್ಯಲ್ಲ, ಎಂ ಅಂತ. ಹಾಗೇ ಹಾಕು. ನಂಗೆ ಎಪ್ಪತ್ತು ಹತ್ರ ಬಂತು."

ಅವಳಿಗೆ ಒಂದು ಗಳಿಗೆ ಮರುಕ ಬಂತು. ಬಂದದ್ದು ನಿಜ. ಆದರೆ ಕಾಫಿಯ ಸಾಲಿನಲ್ಲಿ, ಎಂಥಾ ಮುದುಕರು ಇದ್ದರು ಎಂದು ನಕ್ಕ ಆ ನಗುವೂ ಅದರ ಹಿಂದೆಯೇ ಬಂತು. ಕಪಾಟಿನಿಂದ ಹಳೆಯ ಸಮಿತಿಯ ವರದಿಯನ್ನು ತೆಗೆದು, ಕೊನೆಯ ಪುಟವನ್ನು ಅವನ ಕಡೆಗೆ ತಿರುಗಿಸಿ ಇಟ್ಟಳು.

"ಅಚ್ಚಾದ ಬರಹಕ್ಕೆ ಹೆಸರು ಮುಚ್ಚೋ ಹಕ್ಕಿಲ್ಲ. ಸಮಿತಿ ಒಮ್ಮತದಿಂದ ಹೇಳಿದೆ," ಎಂದಳು. "ಕೆಳಗೆ ಮೂರನೇದು ನಿನ್ನ ಸಹಿ."

ಅವನು ಆ ಸಹಿಯನ್ನು ನೋಡಿದ. ಹೊರಟುಹೋದ. ಗುನ್ವೋರ್ ತೂರೂನಳ ಅನುವಾದವನ್ನು ತೆರೆದು, ಮೊದಲ ಸಾಲಿನಲ್ಲಿ ಖಾಲಿ ಬಿಟ್ಟಿದ್ದ ಜಾಗದಲ್ಲಿ ಸಿಗ್ವಾರ್ಟ್ ಥ್ರಾನೆ ಎಂದು ಪೂರ್ತಿ ಹೆಸರು ತುಂಬಿ, ಅದರ ಪಕ್ಕದಲ್ಲಿ ಅವನ ಹುದ್ದೆಯನ್ನು ಸರಿಯಾಗಿ ಪ್ರೊಫೆಸರ್ ಎಂದೇ ಹಾಕಿ, ಕಳಿಸಿದಳು.